ಒಂದೇ ಪ್ರತಿ ಇದ್ದರೆ ಸಾಲದು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಮಾತಿಗೆ ಕರೆದಾಗ ಮೊದಲು ಬೇಡ ಎಂದೆ. ಈ ಶಾಲೆಯಲ್ಲಿ ಓದಿದವರಲ್ಲಿ ಡಾಕ್ಟರುಗಳಿದ್ದಾರೆ, ಸೈನ್ಯದಲ್ಲಿ ದುಡಿದು ಬಂದವರಿದ್ದಾರೆ, ಕಾಲೇಜಿನಲ್ಲಿ ಪಾಠ ಮಾಡುವವರಿದ್ದಾರೆ. ನಾನು ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವವನು. ಆದರೆ ನಮ್ಮ ಗಣಿತದ ಮೇಷ್ಟ್ರು ಫೋನ್ ಮಾಡಿ, "ಸಾಧನೆ ಹೇಳೋಕೆ ಬೇರೆಯವರಿದ್ದಾರೆ ಕಣಯ್ಯ, ನೀನು ಎಲ್ಲಿ ಲೆಕ್ಕ ತಪ್ಪಿದೆ ಅಂತ ಹೇಳು, ಊರಿನವರಿಗೆ ಉಪಯೋಗ ಆಗುತ್ತೆ" ಎಂದರು. ಅವರ ಮಾತು ಮೀರಿ ಅಭ್ಯಾಸವಿಲ್ಲ. ಹಾಗಾಗಿ ಇವತ್ತು ನಾನು ಮಾಡಿದ ಒಂದು ತಪ್ಪಿನ ಬಗ್ಗೆಯೇ ಮಾತಾಡುತ್ತೇನೆ.

2019ರ ಆಗಸ್ಟ್ ತಿಂಗಳು ನಿಮಗೆಲ್ಲ ನೆನಪಿದೆ. ಶೃಂಗೇರಿ, ತೀರ್ಥಹಳ್ಳಿ ಕಡೆ ಬಿಡದೆ ಮಳೆ ಹೊಯ್ಯಿತು. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು, ಅದರ ಸಾಮರ್ಥ್ಯ 3.24 ಟಿಎಂಸಿ. ನಮ್ಮ ಭದ್ರಾ ಜಲಾಶಯದ್ದು 71.5 ಟಿಎಂಸಿ. ಭದ್ರೆ ಒಂದಷ್ಟು ದಿನ ನೀರನ್ನು ಹಿಡಿದಿಟ್ಟುಕೊಂಡು, ಬಿಡುವ ಮೊದಲು ಎಚ್ಚರಿಕೆ ಕೊಡುತ್ತಾಳೆ. ತುಂಗೆಗೆ ಆ ಜಾಗವಿಲ್ಲ, ಮೇಲಿಂದ ಬಂದದ್ದು ಕೆಳಗೆ ಹೋಗಲೇಬೇಕು. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೆಂದರೆ ಹೊಳೆ ತುಂಬಿತು ಎಂದು ಜನ ಲೆಕ್ಕ ಹಾಕುತ್ತಾರೆ. ಆ ವರ್ಷ ಮಂಟಪ ಮುಳುಗಿದ್ದು ಮಾತ್ರವಲ್ಲ, ನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿ ಜನ ಮನೆ ಬಿಟ್ಟು ಹೊರಟರು.

ಅಂಥದ್ದೊಂದು ತಗ್ಗಿನ ರಸ್ತೆಯಲ್ಲಿ ಗೊಬ್ಬರ, ಔಷಧಿಯ ಅಂಗಡಿಯೊಂದಿತ್ತು. ಅದರ ಲೆಕ್ಕ ಬರೆಯುತ್ತಿದ್ದವನು ನಾನು. ಗೊಬ್ಬರದಂಗಡಿಯ ವ್ಯವಹಾರ ಇಲ್ಲಿ ಕೂತ ರೈತರಿಗೆ ಗೊತ್ತು. ಮಳೆಗಾಲಕ್ಕೆ ಮುಂಚೆ ಸಾಮಾನು ಒಯ್ಯುವುದು, ಅಡಿಕೆ ಮಂಡಿಗೆ ಬಿದ್ದ ಮೇಲೆ ದುಡ್ಡು ಕೊಡುವುದು. ಸುಮಾರು ಇನ್ನೂರು ರೈತರ ಬಾಕಿ, ಬಿಡಿಬಿಡಿಯಾಗಿ ಕಟ್ಟಿದ ಹಣ, ಉಳಿದ ಹಣ, ಎಲ್ಲ ಒಂದೇ ಕಂಪ್ಯೂಟರಿನಲ್ಲಿತ್ತು. ಆ ಪೆಟ್ಟಿಗೆ ಮೇಜಿನ ಕೆಳಗೆ ನೆಲದ ಮೇಲೆ ಕೂತಿತ್ತು. ಬ್ಯಾಕಪ್ ತೆಗೆಯುವ ಪೆನ್‌ಡ್ರೈವ್ ಅದೇ ಪೆಟ್ಟಿಗೆಗೆ ಸಿಕ್ಕಿಸಿಕೊಂಡೇ ಇತ್ತು.

ನೀರು ರಾತ್ರಿ ಬಂತು. ಯಜಮಾನರು ಗೊಬ್ಬರದ ಮೂಟೆಗಳನ್ನು ಮೇಲಕ್ಕೆ ಹೊರಿಸಿದರು, ಗಲ್ಲಾಪೆಟ್ಟಿಗೆ ಮನೆಗೆ ಒಯ್ದರು. ಕಂಪ್ಯೂಟರ್ ಯಾರಿಗೂ ನೆನಪಾಗಲಿಲ್ಲ. ಮೂಟೆಗಿಂತ ಅದರೊಳಗಿದ್ದದ್ದು ಬೆಲೆಬಾಳುವಂಥದ್ದು ಎಂದು ಅವರಿಗೆ ನಾನು ಯಾವತ್ತೂ ಹೇಳಿರಲಿಲ್ಲ.

ನೀರಿಳಿದ ಮೇಲೆ ಹೋದೆ. ಅವರು ಗಾಬರಿಯಲ್ಲಿದ್ದರು. ನಾನು ಧೈರ್ಯವಾಗಿ, "ಚಿಂತೆ ಮಾಡಬೇಡಿ ಸಾರ್, ಪ್ರತಿ ಶನಿವಾರ ನನ್ನ ಆಫೀಸಿನ ಕಂಪ್ಯೂಟರಿಗೂ ಒಂದು ಪ್ರತಿ ಹಾಕಿಕೊಂಡಿದ್ದೇನೆ" ಎಂದೆ. ನನ್ನ ಆಫೀಸು ಮೊದಲ ಮಹಡಿಯಲ್ಲಿ, ನೀರು ಬಾರದ ಕಡೆ ಇತ್ತು. ಓಡಿ ಹೋಗಿ ತೆರೆದು ನೋಡಿದೆ. ಮಾರ್ಚ್ 31ರವರೆಗಿನ ಲೆಕ್ಕ ಇತ್ತು. ಏಪ್ರಿಲ್ ಒಂದರಿಂದ ಮುಂದೆ ಒಂದು ಅಕ್ಷರವಿಲ್ಲ.

ಆದದ್ದಿಷ್ಟೆ. ಏಪ್ರಿಲ್‌ನಲ್ಲಿ ಹೊಸ ಆರ್ಥಿಕ ವರ್ಷಕ್ಕೆಂದು ಟ್ಯಾಲಿಯಲ್ಲಿ ಹೊಸ ಕಂಪನಿ ತೆರೆದಿದ್ದೆ. ಬ್ಯಾಕಪ್ ಮಾತ್ರ ಹಳೆಯ ಕಂಪನಿಯದ್ದೇ ಆಗುತ್ತಿತ್ತು. ಪ್ರತಿ ಶನಿವಾರ "ಬ್ಯಾಕಪ್ ಆಯಿತು" ಎಂದು ಪರದೆ ಹೇಳುತ್ತಿತ್ತು, ನಾನು ಡೈರಿಯಲ್ಲಿ ಸರಿ ಗುರುತು ಹಾಕುತ್ತಿದ್ದೆ. ನಾಲ್ಕು ತಿಂಗಳಲ್ಲಿ ಒಂದು ಸಲವೂ ಆ ಪ್ರತಿಯನ್ನು ತೆರೆದು ನೋಡಿರಲಿಲ್ಲ. ಮಳೆಗಾಲಕ್ಕೆ ಮುಂಚಿನ ಸಾಲವೆಲ್ಲ ಆ ನಾಲ್ಕು ತಿಂಗಳಲ್ಲೇ ಇತ್ತು.

ಆಮೇಲೆ ಎರಡನೆಯ ತಪ್ಪು ಮಾಡಿದೆ. ನೆನೆದ ಪೆಟ್ಟಿಗೆಯನ್ನು ಎರಡು ದಿನ ಬಿಸಿಲಿಗಿಟ್ಟು, ಒಣಗಿತು ಎಂದುಕೊಂಡು ಸ್ವಿಚ್ ಹಾಕಿದೆ. ಕರಕರ ಸದ್ದು ಬಂತು, ನಿಂತಿತು. ಹಾರ್ಡ್ ಡಿಸ್ಕ್ ಒಳಗೆ ಕನ್ನಡಿಯಂಥ ತಟ್ಟೆಗಳಿರುತ್ತವೆ. ಸಾಮಾನ್ಯ ಡೆಸ್ಕ್‌ಟಾಪಿನ ಡಿಸ್ಕಿನಲ್ಲಿ ಅವು ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ. ಅದನ್ನು ಓದುವ ಮುಳ್ಳು ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಒಂದು ಕಣ ಕೆಸರು ಸಿಕ್ಕಿದರೂ ತಟ್ಟೆ ಗೀರಿಹೋಗುತ್ತದೆ. ನೀರು ಕುಡಿದ ಡಿಸ್ಕನ್ನು ಆನ್ ಮಾಡಬಾರದು, ಬಿಚ್ಚಬಾರದು, ಬಿಸಿಲಿಗೂ ಇಡಬಾರದು. ಇದ್ದ ಹಾಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಡೇಟಾ ತೆಗೆಯುವುದನ್ನೇ ಕಸುಬು ಮಾಡಿಕೊಂಡವರಿಗೆ ಬೇಗ ಮುಟ್ಟಿಸಬೇಕು. ಇದನ್ನು ನಾನು ತಿಳಿದದ್ದು ಬೆಂಗಳೂರಿನಲ್ಲಿ ಒಬ್ಬರು ಆ ಡಿಸ್ಕನ್ನು ನೋಡಿ ಕೈಚೆಲ್ಲಿದ ಮೇಲೆ.

ಉಳಿದ ದಾರಿಗಳನ್ನು ಹುಡುಕಿದೆವು. ಜಿಎಸ್‌ಟಿ ಪೋರ್ಟಲಿನಲ್ಲಿ ಮಾರಾಟದ ಲೆಕ್ಕ ಇರುತ್ತದಲ್ಲ ಎಂದು ನೀವು ಕೇಳಬಹುದು. ನೋಂದಾಯಿತ ವ್ಯಾಪಾರಿಗೆ ಮಾರಿದ ಬಿಲ್ಲು ಅಲ್ಲಿ ಒಂದೊಂದಾಗಿ ಇರುತ್ತದೆ. ರೈತರಿಗೆ ಮಾರಿದ್ದು ಒಟ್ಟು ಮೊತ್ತವಾಗಿ ಹೋಗಿರುತ್ತದೆ, ಹೆಸರಿರುವುದಿಲ್ಲ. ಗೊಬ್ಬರ ಮಾರುವ ಪಿಒಎಸ್ ಯಂತ್ರದಲ್ಲಿ ಯಾರಿಗೆ ಎಷ್ಟು ಚೀಲ ಹೋಯಿತು ಎಂದು ದಾಖಲಾಗುತ್ತದೆ, ಹಣ ಕೈಗೆ ಬಂತೋ ಬಾಕಿಯೋ ಎಂಬುದು ಅದಕ್ಕೆ ಗೊತ್ತಿಲ್ಲ. ಯಾರು ಎಷ್ಟು ಕೊಡಬೇಕು ಎನ್ನುವುದು ಇದ್ದದ್ದು ಆ ಒಂದೇ ಡಿಸ್ಕಿನಲ್ಲಿ.

ಮುಂದೆ ನಡೆದದ್ದು ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಸುದ್ದಿ ತಿಳಿದು ರೈತರು ತಾವಾಗಿಯೇ ಬರತೊಡಗಿದರು. ಒಬ್ಬರು ಒದ್ದೆ ಕೊಡೆ ಬಾಗಿಲಲ್ಲಿಟ್ಟು, "ನಂದು ಹದಿನೆಂಟು ಸಾವಿರ ಚಿಲ್ಲರೆ ಇತ್ತು, ಬರ್ಕೊಳಿ ಮಾರಾಯ್ರೆ" ಎಂದರು. ಹೀಗೆ ಬಂದವರು ಬಹಳ ಮಂದಿ. ಹೊಳೆಗೆ ತೋಟ ಕೊಟ್ಟವರೂ ಅವರಲ್ಲಿದ್ದರು. ಬಾರದವರೂ ಇದ್ದರು, ಅವರ ಕಷ್ಟ ಅವರಿಗೆ. ಆದರೆ ನನ್ನನ್ನು ಇವತ್ತಿಗೂ ಕಾಡುವವರು ಒಬ್ಬ ಹಿರಿಯರು. ಅವರು ಜುಲೈನಲ್ಲಿ ಪೂರ್ತಿ ಬಾಕಿ ನಗದಾಗಿ ತೀರಿಸಿದ್ದರಂತೆ. ರಸೀದಿ ಅವರ ಮನೆಯಲ್ಲೂ ನೆನೆದು ಹೋಗಿತ್ತು. ನಮ್ಮಲ್ಲಿ ದಾಖಲೆ ಇಲ್ಲ. ಅಂಗಡಿಯ ಹುಡುಗ ಅವರನ್ನು ಎರಡು ಸಲ ಕೇಳಿಬಿಟ್ಟ. ಮೂರನೆಯ ಸಲ ಅವರು ಮಾತಾಡದೆ ಹಣ ಎಣಿಸಿಟ್ಟು ಹೋದರು, ಮತ್ತೆ ಆ ಅಂಗಡಿಗೆ ಬರಲಿಲ್ಲ. ಆರು ತಿಂಗಳ ಮೇಲೆ ಯಜಮಾನರ ಹಳೆಯ ಜೇಬು ಪುಸ್ತಕದಲ್ಲಿ ಅವರು ಕೊಟ್ಟ ಹಣದ ಗುರುತು ಸಿಕ್ಕಿತು. ಯಜಮಾನರೂ ನಾನೂ ಅವರ ಮನೆಗೆ ಹೋಗಿ ಹಣ ವಾಪಸು ಕೊಟ್ಟೆವು. ತೆಗೆದುಕೊಂಡರು, ಕಾಫಿ ಕೊಟ್ಟರು. ಆದರೂ ಅಂಗಡಿಗೆ ಬರಲಿಲ್ಲ. ಮೂವತ್ತು ವರ್ಷದ ಗಿರಾಕಿ ಹೋದದ್ದು ನನ್ನ ಶನಿವಾರದ ಸರಿ ಗುರುತಿನಿಂದ.

ಹಿಂದೆ ನಮ್ಮ ಅಂಗಡಿಗಳಲ್ಲಿ ಕಾರ್ಬನ್ ಹಾಳೆ ಇಟ್ಟು ಬರೆಯುವ ಬಿಲ್ ಪುಸ್ತಕ ಇರುತ್ತಿತ್ತು. ಬಿಳಿ ಹಾಳೆ ಗಿರಾಕಿಗೆ, ಗುಲಾಬಿ ಹಾಳೆ ಲೆಕ್ಕದವರಿಗೆ, ಹಳದಿ ಹಾಳೆ ಪುಸ್ತಕದಲ್ಲೇ. ಯಾರೂ ಅದನ್ನು ಡೇಟಾ ರಕ್ಷಣೆ ಎನ್ನುತ್ತಿರಲಿಲ್ಲ. ಆದರೆ ಒಂದೇ ಬರಹ ಮೂರು ಕಡೆ ಇರುತ್ತಿತ್ತು. ಕಂಪ್ಯೂಟರ್ ಬಂದಾಗ ನಾವು ಕಾರ್ಬನ್ ಹಾಳೆ ಬಿಸಾಡಿದೆವು, ಅದರ ಜೊತೆಗೆ ಮೂರು ಪ್ರತಿಯ ಅಭ್ಯಾಸವನ್ನೂ ಬಿಸಾಡಿದೆವು. ಈಗ ಜಗತ್ತಿನಾದ್ಯಂತ ಈ ಕಸುಬಿನವರು ಹೇಳುವ ಸೂತ್ರವೂ ಅದೇ: ಮೂರು, ಎರಡು, ಒಂದು. ಲೆಕ್ಕದ ಮೂರು ಪ್ರತಿ ಇರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಅವುಗಳಲ್ಲಿ ಒಂದು ಪ್ರತಿ ಬೇರೆ ಜಾಗದಲ್ಲಿರಲಿ.

ಬೇರೆ ಜಾಗ ಎಂದಾಗ ಸ್ವಲ್ಪ ಯೋಚಿಸಬೇಕು. ನಾನು ಮೊದಲು, ಶಿವಮೊಗ್ಗದ ಅಂಗಡಿಯ ಪ್ರತಿಯನ್ನು ಭದ್ರಾವತಿಯ ನಮ್ಮ ಮನೆಯಲ್ಲಿಟ್ಟರೆ ಸಾಕು ಎಂದುಕೊಂಡೆ. ಆದರೆ ತುಂಗೆ, ಭದ್ರೆ ಇಬ್ಬರೂ ಹುಟ್ಟುವುದು ಒಂದೇ ಗಂಗಾಮೂಲದಲ್ಲಿ, ತುಂಬುವುದು ಸಹ್ಯಾದ್ರಿಯ ಒಂದೇ ಮಳೆಗೆ. ಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಭದ್ರಾವತಿಯ ಹೊಸ ಸೇತುವೆಯೇ ಮುಳುಗುವುದನ್ನು ನಾವು ನೋಡಿದ್ದೇವೆ. ಒಂದು ಹೊಳೆಯ ದಡದಿಂದ ಇನ್ನೊಂದು ಹೊಳೆಯ ದಡಕ್ಕೆ ಒಯ್ದರೆ ರಕ್ಷಣೆಯಾಗಲಿಲ್ಲ. ಎತ್ತರದ ಮನೆ, ಮೇಲಿನ ಮಹಡಿ, ಇಲ್ಲವೇ ಅಂತರ್ಜಾಲದಲ್ಲಿ ದೂರದ ಸರ್ವರ್, ಇಂಥ ಕಡೆ ಇರಬೇಕು. ಸಣ್ಣ ಅಂಗಡಿಯ ವರ್ಷದ ಲೆಕ್ಕ ಕೆಲವೇ ನೂರು ಎಂಬಿ ಮೀರುವುದು ಅಪರೂಪ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗವೇ ಧಾರಾಳವಾಗುತ್ತದೆ. ಹೊರಗಿನ ಒಂದು ಹಾರ್ಡ್ ಡಿಸ್ಕ್ ಕೊಳ್ಳಲು ಒಂದಷ್ಟು ರಾಶಿ ಅಡಿಕೆ ಮಾರಿದ ಹಣ ಸಾಕು.

ನೀರೊಂದೇ ಶತ್ರುವಲ್ಲ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಿಡಿಲು ಗೊತ್ತಲ್ಲ. ಕರೆಂಟಿನ ಪ್ಲಗ್ ಕಿತ್ತರೆ ಸಾಲದು, ಇಂಟರ್ನೆಟ್ಟಿನ ತಾಮ್ರದ ತಂತಿಯ ಮೂಲಕವೂ ಸಿಡಿಲಿನ ಪೆಟ್ಟು ಒಳಗೆ ಬರುತ್ತದೆ, ಅದನ್ನೂ ಕೀಳಬೇಕು. ಅರ್ಥಿಂಗ್ ಸರಿಯಿದೆಯೇ ಎಂದು ಬೇಸಗೆಗೆ ಮುಂಚೆ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಬೇಕು. ಲೆಕ್ಕ ಬರೆಯುವ ನಡುವೆ ಕರೆಂಟು ಹೋದರೆ ಕಡತ ಕೆಡುತ್ತದೆ. ಅದಕ್ಕೆ ಯುಪಿಎಸ್ ಬೇಕು. ಯುಪಿಎಸ್ ಇರುವುದು ಇನ್ನೂ ಒಂದು ಗಂಟೆ ಕೆಲಸ ಮಾಡಲಿಕ್ಕಲ್ಲ, ಉಳಿಸಿ ಮುಚ್ಚಲಿಕ್ಕೆ. 2021ರ ಜನವರಿ 21ರ ರಾತ್ರಿ ಹುಣಸೋಡಿನ ಸ್ಫೋಟಕ್ಕೆ ಶಿವಮೊಗ್ಗ, ಭದ್ರಾವತಿಗಳ ಮನೆಗಳು ನಡುಗಿದಾಗ ಭೂಕಂಪವೆಂದು ನಾವೆಲ್ಲ ಹೊರಗೆ ಓಡಿದೆವು. ಅಂಥದ್ದು ಹೇಳಿ ಬರುವುದಿಲ್ಲ.

ಇನ್ನೊಂದು ಶತ್ರು ಕಣ್ಣಿಗೆ ಕಾಣುವುದಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕಿಡಿಗೇಡಿ ತಂತ್ರಾಂಶ ನೂರೈವತ್ತು ದೇಶಗಳಲ್ಲಿ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಬಿಟ್‌ಕಾಯಿನ್‌ನಲ್ಲಿ ಹಣ ಕೇಳಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ ನಿಂತದ್ದು 2020ರ ಜನವರಿಯಲ್ಲಿ. ಇನ್ನೂ ಅದನ್ನೇ ಓಡಿಸುವ ಅಂಗಡಿಗಳು ನನ್ನ ಕಣ್ಣಿಗೆ ಬೀಳುತ್ತವೆ. "ನಿಮ್ಮ ಕೊರಿಯರ್ ಬಿಲ್", "ತೆರಿಗೆ ನೋಟಿಸು" ಎಂದು ಬರುವ ಅಪರಿಚಿತ ಮೇಲ್‌ಗಳನ್ನು ತೆರೆಯಬೇಡಿ. ಮುಖ್ಯವಾಗಿ, ಬ್ಯಾಕಪ್ ಡಿಸ್ಕನ್ನು ಕೆಲಸವಾದ ಕೂಡಲೇ ಕಿತ್ತಿಡಿ. ಸಿಕ್ಕಿಸಿಯೇ ಬಿಟ್ಟರೆ ಬೀಗ ಅದಕ್ಕೂ ಬೀಳುತ್ತದೆ. ಮೋಸವಾದರೆ 1930ಕ್ಕೆ ಕೂಡಲೇ ಫೋನ್ ಮಾಡಿ.

ಡ್ರೈವ್‌ಗೆ ತಾನಾಗಿ ಹೋಗುವಂತೆ ಮಾಡಿದ್ದೇನೆ, ಇನ್ನೇನು ಭಯ ಎನ್ನುವವರಿಗೂ ಒಂದು ಮಾತು. ಹಾಗೆ ತಾನಾಗಿ ಹೋಗುವುದು ಕನ್ನಡಿಯಿದ್ದಂತೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಅಳಿಸಿದ್ದು ಅಲ್ಲಿಯ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಹೋಗುತ್ತದೆ. ಆದ್ದರಿಂದ ದಿನಾಂಕ ಹಾಕಿದ ಬೇರೆ ಪ್ರತಿ ಬೇಕು. ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಕಾಪಾಡಬೇಕು. ಅಂದರೆ ಆರು ವರ್ಷ.

ಪಾಸ್‌ವರ್ಡ್ ವಿಷಯ. ಕೋವಿಡ್ ಕಾಲದಲ್ಲಿ ನನ್ನ ಗಿರಾಕಿಗಳಲ್ಲೊಬ್ಬರು ತೀರಿಕೊಂಡರು. ಲೆಕ್ಕ ಇತ್ತು, ಪ್ರತಿಯೂ ಇತ್ತು. ಪಾಸ್‌ವರ್ಡ್ ಅವರ ತಲೆಯಲ್ಲಿ ಮಾತ್ರ ಇತ್ತು. ಟ್ಯಾಲಿಯ ವಾಲ್ಟ್ ಪಾಸ್‌ವರ್ಡ್ ಮರೆತರೆ ಅದನ್ನು ತೆಗೆದುಕೊಡಲು ಯಾರಿಂದಲೂ ಆಗುವುದಿಲ್ಲ. ಅವರ ಮನೆಯವರು ಯಾರಿಂದ ಎಷ್ಟು ಬರಬೇಕೆಂದು ತಿಳಿಯದೆ, ಕೊಡಬೇಕಾದದ್ದನ್ನು ಮಾತ್ರ ಕೊಟ್ಟರು. ಸಾಲ ವಸೂಲಿಗೆ ಬಂದವರಿಗೆ ಲೆಕ್ಕ ಗೊತ್ತಿತ್ತು, ಕೊಡಬೇಕಾದವರು ಸುಮ್ಮನಿದ್ದರು. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಲಕೋಟೆಗೆ ಅಂಟು ಹಾಕಿ, ಜಮೀನಿನ ಪತ್ರ ಇಡುವ ಕಡೆ ಇಟ್ಟು, ಹೆಂಡತಿಗೋ ಮಗಳಿಗೋ ಹೇಳಿಡಿ. ಅಂಗಡಿಯ ಮೇಲ್ ಖಾತೆ ಕೆಲಸದ ಹುಡುಗನ ಮೊಬೈಲ್ ನಂಬರಿನಲ್ಲಿರುವುದು ಬೇಡ. ನಾಳೆ ಅವನು ಬೇರೆ ಕೆಲಸಕ್ಕೆ ಹೋದರೆ ಒಟಿಪಿ ಅವನ ಜೊತೆ ಹೋಗುತ್ತದೆ.

ಈಗ ನನ್ನ ಪದ್ಧತಿ ಹೀಗಿದೆ. ಸಂಜೆ ಅಂಗಡಿ ಮುಚ್ಚುವಾಗ ಒಂದು ಪ್ರತಿ ಪೆನ್‌ಡ್ರೈವ್‌ಗೆ, ಅದು ಯಜಮಾನರ ಜೇಬಿನಲ್ಲಿ ಮನೆಗೆ ಹೋಗುತ್ತದೆ. ಶನಿವಾರ ಒಂದು ಪ್ರತಿ ದೂರದ ಸರ್ವರಿಗೆ, ಪಾಸ್‌ವರ್ಡ್ ಸಮೇತ. ತಿಂಗಳ ಕೊನೆಗೆ ಬಾಕಿದಾರರ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ಕಡತಕ್ಕೆ ಹಾಕುವುದು. ಮೂರು ತಿಂಗಳಿಗೊಮ್ಮೆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ನಿನ್ನೆಯ ಒಂದು ಬಿಲ್ಲು ಅದರಲ್ಲಿದೆಯೇ ಎಂದು ಕಣ್ಣಾರೆ ನೋಡುವುದು. ಈ ಕೊನೆಯ ಕೆಲಸಕ್ಕೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ನಾನು 2019ರಲ್ಲಿ ಕೊಟ್ಟಿದ್ದರೆ ಆ ಹಿರಿಯರು ಇವತ್ತಿಗೂ ಅದೇ ಅಂಗಡಿಗೆ ಬರುತ್ತಿದ್ದರು. ಕಂಪ್ಯೂಟರ್ ಪೆಟ್ಟಿಗೆಯನ್ನು ನೆಲದಿಂದ ಮೇಲೆ, ಮೇಜಿನ ಎತ್ತರಕ್ಕೆ ಏರಿಸಿ ಎಂಬುದನ್ನಂತೂ ಖರ್ಚಿಲ್ಲದೆ ನಾಳೆಯೇ ಮಾಡಬಹುದು.

ಕೊನೆಯದಾಗಿ ನಮ್ಮ ಶಾಲೆಯ ವಿಷಯ. ಈ ಸಂಪುಟಕ್ಕೆ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡಲು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ದಾಖಲಾತಿ ವಹಿಗಳನ್ನು ತೆಗೆದು ನೋಡಿದೆವು. ಮೊದಲ ವರ್ಷದ ವಹಿಯ ಅಂಚನ್ನು ಗೆದ್ದಲು ತಿಂದಿದೆ. ಕೆಲವು ಪುಟಗಳಲ್ಲಿ ಸೋರಿದ ನೀರಿಗೆ ಶಾಯಿ ಹರಡಿದೆ. ಇತ್ತೀಚಿನ ಮಕ್ಕಳ ವಿವರ ಸ್ಯಾಟ್ಸ್‌ನಲ್ಲಿದೆ. ನಮ್ಮಂಥವರ ಹುಟ್ಟಿದ ದಿನ, ತಂದೆತಾಯಿಯ ಹೆಸರು ಇರುವುದು ಆ ಬೀರುವಿನ ಒಂದೇ ಪ್ರತಿಯಲ್ಲಿ. ಪಾಸ್‌ಪೋರ್ಟಿಗೋ ಪಿಂಚಣಿಗೋ ವಯಸ್ಸಿನ ದಾಖಲೆ ಬೇಕಾದಾಗ ನಾವು ಓಡಿ ಬರುವುದು ಅದರ ಬಳಿಗೆ.

ಇಪ್ಪತ್ತೈದು ವರ್ಷದ ಹಿಂದಿನ ಬೆಳ್ಳಿಹಬ್ಬದ ಸಂಚಿಕೆಯನ್ನೂ ಹುಡುಕಿದೆವು. ಅದರ ಕಂಪ್ಯೂಟರ್ ಕಡತ ಫ್ಲಾಪಿಯಲ್ಲಿತ್ತು. ಫ್ಲಾಪಿ ಓದುವ ಯಂತ್ರವಿಲ್ಲ, ಇದ್ದರೂ ಆ ಕಾಲದ ಅಕ್ಷರಶೈಲಿ ಇವತ್ತಿನ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗೀರುಗಳಾಗಿ ಕಾಣುತ್ತದೆ. ಹಳೆಯ ನುಡಿ, ಶ್ರೀಲಿಪಿಗಳಲ್ಲಿ ಟೈಪ್ ಮಾಡಿದ ಕಡತ ಯಾರಲ್ಲಾದರೂ ಇದ್ದರೆ ಈಗಲೇ ಯುನಿಕೋಡಿಗೆ ಬದಲಿಸಿಕೊಳ್ಳಿ, ತೆರೆಯಲಾಗದ ಕಡತವೂ ಕಳೆದುಹೋದ ಕಡತವೇ. ಸಂಚಿಕೆ ಕೊನೆಗೆ ಸಿಕ್ಕಿದ್ದು ನಿವೃತ್ತರಾದ ನಮ್ಮ ಕನ್ನಡ ಪಂಡಿತರ ಮನೆಯ ಅಟ್ಟದಲ್ಲಿ, ಅಚ್ಚಾದ ಒಂದು ಪುಸ್ತಕವಾಗಿ.

ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ ಇಷ್ಟೆ. ಇಲಾಖೆಯ ಅನುಮತಿ ಪಡೆದು ಐವತ್ತು ವರ್ಷದ ವಹಿಗಳನ್ನು ಸ್ಕ್ಯಾನ್ ಮಾಡಿಸೋಣ. ಹಳೆಯ ವಿದ್ಯಾರ್ಥಿಗಳು ನಾವು ಭಾನುವಾರಗಳಲ್ಲಿ ಬಂದು ಕೂರುತ್ತೇವೆ. ಅದರಲ್ಲಿ ಜಾತಿ, ವಿಳಾಸಗಳಿರುವುದರಿಂದ ಪ್ರತಿಗಳು ಯಾರ ಮೊಬೈಲಿನಲ್ಲೂ ಉಳಿಯಬಾರದು, ಪಾಸ್‌ವರ್ಡ್ ಹಾಕಿ ಶಾಲೆಯಲ್ಲಿ ಒಂದು, ಇಲಾಖೆ ಹೇಳಿದ ಕಡೆ ಇನ್ನೊಂದು ಇರಲಿ. ಪ್ರತಿ ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಅವನ್ನು ತೆರೆದು ನೋಡುವ ಕೆಲಸ ನನ್ನದು. ಈ ಸಲ ಬರಿಯ ಸರಿ ಗುರುತು ಹಾಕುವುದಿಲ್ಲ.

ಮಕ್ಕಳೇ, ನಿಮ್ಮ ಪಾಠದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಬರುತ್ತಾಳೆ. ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದವಳು. ಚಿಕ್ಕವನಿದ್ದಾಗ ಅದು ದಾನದ ಕಥೆ ಎಂದುಕೊಂಡಿದ್ದೆ. ಈಗ ಓದಿದರೆ, ಓಲೆಗರಿಗೆ ಹುಳ ಹಿಡಿಯುತ್ತದೆ, ಬೆಂಕಿ ಬೀಳುತ್ತದೆ, ಒಂದೇ ಕಡೆ ಇದ್ದರೆ ಉಳಿಯುವುದಿಲ್ಲ ಎಂದು ತಿಳಿದವಳ ಕಥೆಯಾಗಿಯೂ ಕಾಣುತ್ತದೆ.

ಈ ಸಂಪುಟ ಅಚ್ಚಾಗಿ ನಿಮ್ಮ ಮನೆಗಳಿಗೆ ಬಂದಾಗ ದಯವಿಟ್ಟು ಅಟ್ಟಕ್ಕೆ ಹಾಕಿದರೂ ಹಾಕಿ, ರದ್ದಿಗೆ ಮಾತ್ರ ಹಾಕಬೇಡಿ. ನೂರನೆಯ ವರ್ಷದ ಹಬ್ಬ ಮಾಡುವವರು ಒಂದು ದಿನ ನಿಮ್ಮ ಬಾಗಿಲಿಗೆ ಬಂದು ಕೇಳುತ್ತಾರೆ.